ನಿಜಾಮನ ಮೇಜು, ನಮ್ಮ ಬಿಲ್ಲು

ಹೈದರಾಬಾದಿನ ಹಳೇ ಊರಿನ ದಕ್ಷಿಣದ ತುದಿಗೆ ಒಂದು ಗುಡ್ಡ. ಗುಡ್ಡದ ಮೇಲೆ ಒಂದು ಹೋಟೆಲು. ಹೆಸರು ತಾಜ್ ಫಲಕ್‌ನುಮಾ ಪ್ಯಾಲೆಸ್. ಕೋಟಿ ಬೆಲೆಯ ಕಾರಿನಲ್ಲಿ ಬಂದವರನ್ನೂ ಕೆಳಗಿನ ಗೇಟಿನಲ್ಲಿ ಇಳಿಸಿಕೊಂಡು ಕುದುರೆ ಸಾರೋಟಿಗೆ ಹತ್ತಿಸುತ್ತಾರೆ. ಸಾರೋಟು ಮೇಲೆ ತಲುಪುತ್ತದೆ. ನೀವು ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ತಲೆಯ ಮೇಲೆ ಗುಲಾಬಿ ಪಕಳೆ ಉದುರುತ್ತವೆ.

ನೀವು ಯುದ್ಧ ಗೆದ್ದು ಬಂದಿರಬೇಕಿಲ್ಲ. ಕೆರೆ ಕಟ್ಟಿಸಿರಬೇಕಿಲ್ಲ. ಕ್ರೆಡಿಟ್ ಕಾರ್ಡು ಚಾಲ್ತಿಯಲ್ಲಿದ್ದರೆ ಸಾಕು.

ಒಳಗೆ 60 ಕೋಣೆಗಳು. ರಾತ್ರಿಯೊಂದಕ್ಕೆ ಹತ್ತಾರು ಸಾವಿರ. ನಿಜಾಮನ ಠೀವಿಯಲ್ಲೇ ಮಲಗಬೇಕೆಂದರೆ ಲೆಕ್ಕ ಲಕ್ಷಕ್ಕೆ ಏರುತ್ತದೆ. ಈಜುಕೊಳ ಉಂಟು, ಸ್ಪಾ ಉಂಟು, ದರ್ಬಾರ್ ಹಾಲ್ ಉಂಟು, ಹುಕ್ಕಾ ಕೋಣೆ ಉಂಟು. ಬಿಸಿಲಿಳಿದ ಮೇಲೆ ಅರಮನೆ ಸುತ್ತಿಸಿ ಇತಿಹಾಸ ಹೇಳುವವರೂ ಉಂಟು. ರಾಜನಾಗಿ ಹುಟ್ಟದವರಿಗೆ ಬೆಳಗಿನ ತಿಂಡಿಯ ಸಮೇತ ರಾಜತನ. ಮಧ್ಯಾಹ್ನದ ಹೊತ್ತಿಗೆ ಕೋಣೆ ಖಾಲಿ ಮಾಡಿದರಾಯಿತು.

ನನ್ನ ತಕರಾರು ಹಾಸಿಗೆಯ ಬಗ್ಗೆ ಅಲ್ಲ. ಹಾಸಿಗೆಯ ಜೊತೆ ಮಾರುವ ಇತಿಹಾಸದ ಬಗ್ಗೆ. ಅರಮನೆ ಹೋಟೆಲುಗಳ ಇತಿಹಾಸದಲ್ಲಿ ಯಾರು ಕಟ್ಟಿಸಿದರು, ಯಾರು ಮಲಗಿದರು, ಯಾರು ಉಂಡರು ಎಂಬುದೆಲ್ಲ ಇರುತ್ತದೆ. ಯಾರು ದುಡ್ಡು ಕೊಟ್ಟರು ಎಂಬ ಪುಟ ಮಾತ್ರ ಹರಿದಿರುತ್ತದೆ.

ಆ ಪುಟವನ್ನು ಹುಡುಕುವ ಹಕ್ಕು ಬೇರೆ ಯಾರಿಗಿಲ್ಲದಿದ್ದರೂ ಆಗ ನಿಜಾಮನ ರಾಜ್ಯದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರಿನವರಿಗೆ ಇದೆ.

1884ರ ಮಾರ್ಚ್‌ನಲ್ಲಿ ಫಲಕ್‌ನುಮಾಗೆ ಅಡಿಗಲ್ಲು ಬಿತ್ತು. ಕಟ್ಟಿಸಿದವನು ಪಾಯಿಗಾ ಮನೆತನದ ಸರ್ ವಿಕಾರುಲ್ ಉಮ್ರಾ. ಆರನೇ ನಿಜಾಮ ಮಹಬೂಬ್ ಅಲಿ ಖಾನನ ಸೋದರಿಯ ಗಂಡ. ಮುಂದೆ ರಾಜ್ಯದ ಪ್ರಧಾನಮಂತ್ರಿ. ನಕ್ಷೆ ಬರೆದದ್ದು ವಿಲಿಯಂ ವಾರ್ಡ್ ಮ್ಯಾರೆಟ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ. ಅಮೃತಶಿಲೆ ಇಟಲಿಯಿಂದ ಬಂತು. ಜಾಗ 32 ಎಕರೆ. ಮೇಲಿನಿಂದ ನೋಡಿದರೆ ಕಟ್ಟಡಕ್ಕೆ ಚೇಳಿನ ಆಕಾರ. ಮುಗಿಯಲು ಒಂಬತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಯಜಮಾನ ಸಾಲದಲ್ಲಿ ಮುಳುಗಿಹೋಗಿದ್ದ. ಚೇಳು ಕಟ್ಟಿಸಿದವನನ್ನೇ ಕುಟುಕಿತ್ತು.

ಮುಂದಿನದು ಸಲೀಸು. ವಿಕಾರುಲ್ ಉಮ್ರಾನ ಬೇಗಂ ಒಂದು ಉಪಾಯ ಹೇಳಿಕೊಟ್ಟಳಂತೆ: ನಿಜಾಮರನ್ನು ಅತಿಥಿಯಾಗಿ ಕರೆಯಿರಿ. ನಿಜಾಮ ಬಂದ. ಮೆಚ್ಚಿದ. ಹೊರಡುವ ಮಾತೇ ಎತ್ತಲಿಲ್ಲ. ಕೊನೆಗೆ ಹಣ ಕೊಟ್ಟು ಅರಮನೆಯನ್ನೇ ಇಟ್ಟುಕೊಂಡ. 1890ರ ದಶಕದ ಕೊನೆಯ ವ್ಯವಹಾರ ಇದು. ಬಾವನ ಸಾಲ ತೀರಿತು. ಬಾಮೈದನಿಗೆ ಬಂಗಲೆ ಸಿಕ್ಕಿತು.

ಬೊಕ್ಕಸದಲ್ಲಿದ್ದದ್ದು ಯಾರ ದುಡ್ಡು ಎಂದು ಕೇಳುವ ಅಭ್ಯಾಸ ಆಗ ಇರಲಿಲ್ಲ. ಈಗಲೂ ಇಲ್ಲ. ದೊಡ್ಡವರು ಸಾಲ ಮಾಡುವುದು, ದಿವಾಳಿ ಎದ್ದಾಗ ಸರ್ಕಾರ ಕೈಹಿಡಿಯುವುದು ನಮ್ಮ ಕಾಲದ ಆರ್ಥಿಕ ತಜ್ಞರ ಆವಿಷ್ಕಾರ ಎಂದು ಯಾರಾದರೂ ತಿಳಿದಿದ್ದರೆ, ಅವರು ದಯವಿಟ್ಟು ಫಲಕ್‌ನುಮಾ ನೋಡಿಬರಲಿ.

ಪಾಯಿಗಾದವರು ನಿಜಾಮನಿಗೆ ದಂಡು ಸಾಕಿಕೊಡುವ ಲೆಕ್ಕದಲ್ಲಿ ಜಹಗೀರು ಪಡೆದವರು. ದಂಡು ಯಾವ ಯುದ್ಧಕ್ಕೆ ಹೋಯಿತೆಂದು ಕೇಳಬೇಡಿ. ಜಹಗೀರು ಮಾತ್ರ ತಲೆಮಾರುಗಟ್ಟಲೆ ಉಳಿಯಿತು. ಅವರ ತಾಲ್ಲೂಕುಗಳು ರಾಜ್ಯದ ತುಂಬ ಚದುರಿದ್ದವು. ಇಂದಿನ ಬೀದರ್ ಜಿಲ್ಲೆಯ ಚಿಟಗುಪ್ಪ, ಕಲಬುರಗಿ ಜಿಲ್ಲೆಯ ಆಳಂದ ಪಾಯಿಗಾ ಕುಟುಂಬಗಳ ಕೈಯಲ್ಲಿದ್ದ ಊರುಗಳೇ. ಉಳಿದ ನೆಲದ ಕಂದಾಯ ನಿಜಾಮನ ಸರ್ಕಾರಕ್ಕೆ, ಅಂದರೆ ದಿವಾನಿಗೆ. ಅದರಲ್ಲೂ ಆರಿಸಿದ ನೆಲ ಅವನ ಖಾಸಾ ಖರ್ಚಿನ ಸರ್ಫ್-ಎ-ಖಾಸ್‌ಗೆ. ಜೋಳ, ತೊಗರಿ ಬೆಳೆದವನು ಯಾವ ಕಡೆ ತಿರುಗಿದರೂ ಒಂದು ಕೈ ಚಾಚಿಕೊಂಡಿರುತ್ತಿತ್ತು.

ಅಡಿಗಲ್ಲಿಗೆ ಆರೇ ವರ್ಷ ಹಿಂದೆ ಧಾತು-ಈಶ್ವರ ಬರ ಮುಗಿದಿತ್ತು. 1876ರಿಂದ 1878ರವರೆಗೆ ಆ ಬರ ರಾಯಚೂರು, ಕಲಬುರಗಿ ಸೀಮೆಯನ್ನು ಹುರಿದುಹಾಕಿತ್ತು. ಬದುಕಿ ಉಳಿದವರು ಮತ್ತೆ ನೇಗಿಲು ಹಿಡಿಯುವ ಹೊತ್ತಿಗೆ ರಾಜಧಾನಿಯಲ್ಲಿ ಇಟಲಿಯ ಕಲ್ಲು ಇಳಿಯುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಒಬ್ಬನೇ ಮನುಷ್ಯನ ಬಗ್ಗೆ ಎಂದುಕೊಂಡಿದ್ದೆವು. ಇಲ್ಲಿ ಹೊಟ್ಟೆ ರಾಯಚೂರಿನದು. ಜುಟ್ಟು ಹೈದರಾಬಾದಿನದು.

ಇನ್ನು ಒಳಗಿನ ವೈಭವ.

ಊಟದ ಮೇಜನ್ನು ಎಲ್ಲರೂ ಹೊಗಳುತ್ತಾರೆ. 108 ಅಡಿ ಉದ್ದ. ಒಂದೇ ಪಂಕ್ತಿಗೆ 101 ಜನ. ಒಂದು ತುದಿಯಲ್ಲಿ ಪಿಸುಗುಟ್ಟಿದ್ದು ಇನ್ನೊಂದು ತುದಿಗೆ ಕೇಳುವ ಹಾಗೆ ಕೋಣೆ ಕಟ್ಟಿದ್ದಾರೆ ಎನ್ನುತ್ತಾರೆ. ಇರಬಹುದು. ಉಪ್ಪು ಬೇಕೆಂದು ಯಾರೂ ಗಂಟಲು ಹರಿದುಕೊಳ್ಳಬೇಕಿಲ್ಲ. ಅಷ್ಟು ಚುರುಕು ಕಿವಿಯ ಆ ಕೋಣೆಗೆ ಗುಡ್ಡದ ಬುಡದ ಒಂದು ಮಾತೂ ಇವತ್ತಿನವರೆಗೆ ಕೇಳಿಲ್ಲ.

ಬಿಲಿಯರ್ಡ್ಸ್ ಮೇಜಿಗೆ ಒಂದು ಜೋಡಿ ಇದೆಯಂತೆ. ಅದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿದೆಯಂತೆ. ಗ್ರಂಥಾಲಯದ ಚಾವಣಿ ವಿಂಡ್ಸರ್ ಕೋಟೆಯದರ ನಕಲಂತೆ. ಹೇಳುವವರ ಎದೆ ಉಬ್ಬುತ್ತದೆ. ಕೇಳುವವರ ಕಣ್ಣರಳುತ್ತದೆ.

ದೇಶಾಭಿಮಾನಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ನಮ್ಮ ಭವ್ಯ ಪರಂಪರೆ. ನಕ್ಷೆ ಇಂಗ್ಲಿಷಿನವನದು. ಕಲ್ಲು ಇಟಲಿಯದು. ಮೇಜು ಲಂಡನ್ನಿನ ಕಂಪನಿಯದು. ಅದಕ್ಕೆ ಬೆಲೆ ಬರುವುದೂ ಇಂಗ್ಲೆಂಡಿನ ರಾಜಮನೆಯಲ್ಲಿ ಅಂಥದ್ದೇ ಇನ್ನೊಂದಿದೆ ಎಂಬ ಕಾರಣಕ್ಕೆ. ಬೀದಿಯ ಹೆಸರು ಬದಲಿಸಿ ಗುಲಾಮಗಿರಿಯ ಗುರುತು ಅಳಿಸುವ ಮಹನೀಯರು ಈ ಬಿಲಿಯರ್ಡ್ಸ್ ಮೇಜಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇದರಲ್ಲಿ ಸ್ಥಳೀಯವಾದದ್ದು ಒಂದೇ. ಸಾಲ.

1906ರಲ್ಲಿ, ಮುಂದೆ ಐದನೇ ಜಾರ್ಜ್ ಆಗಲಿದ್ದ ಯುವರಾಜ ಬಂದು ಇಳಿದ. 1911ರಲ್ಲಿ ಮಹಬೂಬ್ ಅಲಿ ಖಾನ್ ಇದೇ ಅರಮನೆಯಲ್ಲಿ ತೀರಿಕೊಂಡ. ಮಗ ಉಸ್ಮಾನ್ ಅಲಿ ಖಾನನಿಗೆ ಇಲ್ಲಿ ವಾಸ ಮಾಡುವ ಮನಸ್ಸಾಗಲಿಲ್ಲ. 1937ರಲ್ಲಿ ಜಗತ್ತಿನ ಅತಿ ಶ್ರೀಮಂತನೆಂದು ಅಮೆರಿಕದ ಟೈಮ್ ಪತ್ರಿಕೆ ಅವನನ್ನು ಮುಖಪುಟಕ್ಕೆ ಹಾಕಿತು. ಆತ ಕಿಂಗ್ ಕೋಠಿಯಲ್ಲಿ ಮಹಾ ಜಿಪುಣನೆಂದು ಹೆಸರು ಮಾಡಿಕೊಂಡು ಬಾಳಿದ. ಫಲಕ್‌ನುಮಾ ರಾಜ ಅತಿಥಿಗಳ ಗೆಸ್ಟ್ ಹೌಸ್ ಆಯಿತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ನಿಜಾಮನ ರಾಜ್ಯದೊಳಗೆ ಬಂತು. 17ಕ್ಕೆ ನಿಜಾಮ ಶರಣಾದ. ಜನ ಗುಲಾಮಗಿರಿ ಮುಗಿಯಿತೆಂದು ಕುಣಿದರು. ಕುಣಿತ ನಿಲ್ಲುವಷ್ಟರಲ್ಲಿ, 1950ರ ಜನವರಿ 26ಕ್ಕೆ, ಹೈದರಾಬಾದ್ ರಾಜ್ಯದ ರಾಜಪ್ರಮುಖನಾಗಿ ಪೀಠಕ್ಕೆ ಬಂದವನು ಯಾರು? ಅದೇ ಉಸ್ಮಾನ್ ಅಲಿ ಖಾನ್. ಯಾರಿಂದ ವಿಮೋಚನೆಯಾಯಿತೋ ಅವನೇ ರಾಜ್ಯದ ಮುಖ್ಯಸ್ಥ. ಮೇಲೆ ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ.

ಮರುವರ್ಷ ಗಣರಾಜ್ಯದ ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಹೈದರಾಬಾದಿಗೆ ಬಂದರು. ಉಳಿದುಕೊಂಡದ್ದು ಎಲ್ಲಿ? ಫಲಕ್‌ನುಮಾದಲ್ಲಿ. ಗಣರಾಜ್ಯಕ್ಕೆ ಒಂದು ವರ್ಷವಾಗಿತ್ತು. ಅರಮನೆಯ ಹಾಸಿಗೆ ಅಷ್ಟರಲ್ಲೇ ಒಗ್ಗಿತ್ತು.

ಅವರ ನಂತರ ಬಾಗಿಲಿಗೆ ಬೀಗ. ದಶಕಗಳ ಧೂಳು. 2000ದ ಹೊತ್ತಿಗೆ ತಾಜ್ ಗುಂಪಿನವರು ಗುತ್ತಿಗೆಗೆ ಹಿಡಿದರು. ನಿಜಾಮ ಮನೆತನದ ರಾಜಕುಮಾರಿ ಎಸ್ರಾ ಮುಂದೆ ನಿಂತು ದುರಸ್ತಿ ಮಾಡಿಸಿದರು. ಹತ್ತು ವರ್ಷ ಹಿಡಿಯಿತು. 2010ರ ನವೆಂಬರ್‌ನಲ್ಲಿ ಹೋಟೆಲು ತೆರೆಯಿತು.

ಕೆಲಸ ಚೆನ್ನಾಗಿ ಮಾಡಿದ್ದಾರೆ. ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಆಸ್ತಿ ಖಾಸಗಿಯವರದು. ಕಂಪನಿ ವ್ಯಾಪಾರದ್ದು. ಲಾಭ ಮಾಡಿಕೊಳ್ಳಲಿ, ಯಾರು ಬೇಡವೆಂದರು. ಸಿಟ್ಟು ಅವರ ಮೇಲಲ್ಲ. ಗೇಟಿನಾಚೆ ನಿಂತು ನಿಜಾಮಶಾಹಿಯನ್ನು ಬೈದು, ಗೇಟಿನೊಳಗೆ ಬಂದು ನಿಜಾಮನ ಮೇಜಿಗೆ ಕೂರುವವರ ಮೇಲೆ.

2017ರ ನವೆಂಬರ್ 28 ನೆನಪಿದೆಯಾ?

ಅವತ್ತು ಹೈದರಾಬಾದಿನಲ್ಲಿ ಜಾಗತಿಕ ಉದ್ಯಮಶೀಲತಾ ಶೃಂಗಸಭೆ. ಅಮೆರಿಕದ ಅಧ್ಯಕ್ಷರ ಮಗಳು ಇವಾಂಕಾ ಟ್ರಂಪ್ ಬಂದಿದ್ದರು. ಸಭೆಯ ಘೋಷವಾಕ್ಯ: ಮಹಿಳೆ ಮೊದಲು, ಎಲ್ಲರಿಗೂ ಸಮೃದ್ಧಿ. ರಾತ್ರಿ ಫಲಕ್‌ನುಮಾದಲ್ಲಿ ಪ್ರಧಾನಿ ನರೇಂದ್ರ ಮೋದಿಯವರ ಔತಣ. ಮೇಜು ಯಾವುದೆಂದು ಬೇರೆ ಹೇಳಬೇಕಿಲ್ಲ.

ಎಲ್ಲರಿಗೂ ಸಮೃದ್ಧಿ ತರುವ ಮೊದಲು ಊರಿನಿಂದ ಬಡವರನ್ನು ಎತ್ತಬೇಕಲ್ಲ. ಎತ್ತಿದರು. ನವೆಂಬರ್ 8ರಿಂದ ಎರಡು ತಿಂಗಳು ಹೈದರಾಬಾದಿನ ರಸ್ತೆಗಳಲ್ಲಿ ಭಿಕ್ಷೆ ಬೇಡುವುದನ್ನು ಪೊಲೀಸ್ ಕಮಿಷನರ್ ನಿಷೇಧಿಸಿದರು. ಸಿಕ್ಕವರನ್ನು ಜೈಲಿನ ಆವರಣದಲ್ಲಿದ್ದ ಆಶ್ರಯ ಕೇಂದ್ರಕ್ಕೆ ಸಾಗಿಸಿದರು. ಅದಕ್ಕೆ ಇಟ್ಟ ಹೆಸರು ಆನಂದಾಶ್ರಮ. ಭಿಕ್ಷುಕರು ಎಲ್ಲಿದ್ದಾರೆಂದು ತಿಳಿಸಿದವರಿಗೆ 500 ರೂಪಾಯಿ ಬಹುಮಾನ ಕೊಡುವುದಾಗಿ ಕಾರಾಗೃಹ ಇಲಾಖೆ ಸಾರಿತು. ಭಿಕ್ಷುಕನಿಗೆ ಐದು ರೂಪಾಯಿ ಕೊಟ್ಟರೆ ತಪ್ಪು. ಭಿಕ್ಷುಕನನ್ನು ಹಿಡಿದುಕೊಟ್ಟರೆ ಐನೂರು. ಇದೂ ಒಂದು ಉದ್ಯಮಶೀಲತೆಯೇ.

ಹಸಿದವರನ್ನು ಬೀದಿಯಿಂದ ಗುಡಿಸಿ, ಆ ಬೀದಿಯಲ್ಲೇ ಕಾರು ಓಡಿಸಿಕೊಂಡು ಹೋಗಿ, 108 ಅಡಿ ಮೇಜಿನಲ್ಲಿ ಬಿರಿಯಾನಿ ಉಂಡು, ಸಬಲೀಕರಣದ ಮಾತಾಡಿದರು. ಮೇಜಿನಲ್ಲಿ ಕೂತ ಯಾರಿಗೂ ತುತ್ತು ಗಂಟಲಿಗೆ ಸಿಕ್ಕಿಕೊಂಡ ವರದಿಯಿಲ್ಲ.

ಅದೇ ದಿನ ಇನ್ನೊಂದು ಕೆಲಸವೂ ಆಗಿತ್ತು. ಮಧ್ಯಾಹ್ನ ಮಿಯಾಪುರದಲ್ಲಿ ಹೈದರಾಬಾದ್ ಮೆಟ್ರೊ ಉದ್ಘಾಟನೆ. ಮಿಯಾಪುರದಿಂದ ನಾಗೋಲ್‌ವರೆಗೆ 30 ಕಿಲೋಮೀಟರ್. ಒಳ್ಳೆಯ ಕೆಲಸವೇ. ಮೆಟ್ರೊದ ಮೂಲ ಯೋಜನೆಯಲ್ಲಿ ಇನ್ನೊಂದು ಮಾರ್ಗವಿತ್ತು: ಜುಬಿಲಿ ಬಸ್ ನಿಲ್ದಾಣದಿಂದ ಫಲಕ್‌ನುಮಾಗೆ. ಹೌದು, ಇದೇ ಫಲಕ್‌ನುಮಾ. 2020ರ ಫೆಬ್ರುವರಿಯಲ್ಲಿ ಆ ಮಾರ್ಗ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದವರೆಗೆ ಬಂತು. ಅಲ್ಲಿ ನಿಂತಿತು. ಮೂಸಿ ನದಿ ದಾಟಲಿಲ್ಲ. ನದಿಯ ಆಚೆ ಹಳೇ ಊರು. ಉಳಿದದ್ದು ಐದಾರು ಕಿಲೋಮೀಟರ್ ಅಷ್ಟೇ. 2024ರ ಮಾರ್ಚ್ 8ರಂದು ಮುಖ್ಯಮಂತ್ರಿ ರೇವಂತ್ ರೆಡ್ಡಿ ಬಂದು ಆ ತುಂಡಿಗೆ ಮತ್ತೆ ಅಡಿಗಲ್ಲು ಹಾಕಿದರು.

ಪ್ರಧಾನಿಯ ಬೆಂಗಾವಲು ಪಡೆ ಒಂದೇ ಸಂಜೆಯಲ್ಲಿ ಫಲಕ್‌ನುಮಾ ತಲುಪಿತು. ರೈಲು ವರ್ಷಗಟ್ಟಲೆ ನದಿಯ ಈಚೆಯೇ ನಿಂತಿತು. ಅರಮನೆಯ ಸಮೀಪದ ಇಂಜಿನ್ ಬೌಲಿಯ ಇಕ್ಕಟ್ಟಿನಲ್ಲಿ ಸಿಟಿ ಬಸ್ಸಿಗೆ ಜೋತುಬಿದ್ದು ಕೆಲಸಕ್ಕೆ ಹೋಗುವವರಿಗೆ ಸಾರೋಟಿನ ಸೌಲಭ್ಯವಿಲ್ಲ.

ಆದರೆ ನಿಜಾಮರು ಅರಮನೆ ಮಾತ್ರ ಕಟ್ಟಲಿಲ್ಲ. ಅದನ್ನೂ ಹೇಳಬೇಕು. ಹೇಳಿದರೆ ನಮ್ಮ ಬಣ್ಣ ಇನ್ನೂ ಚೆನ್ನಾಗಿ ಬಯಲಾಗುತ್ತದೆ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಊರಿಗೆ ನುಗ್ಗಿತು. ಸತ್ತವರು ಸುಮಾರು 15 ಸಾವಿರ ಎಂದು ಲೆಕ್ಕ. ಇನ್ನೊಮ್ಮೆ ಹಾಗಾಗಬಾರದೆಂದು ನಿಜಾಮ ಸರ್ಕಾರ ಕರೆಸಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಅವರು 1909ರಲ್ಲಿ ಬಂದರು. ಹೊಳೆಯ ಮೇಲ್ಭಾಗದಲ್ಲಿ ನೀರು ತಡೆದು ನಿಲ್ಲಿಸುವ ಜಲಾಶಯಗಳ ಯೋಜನೆ ಕೊಟ್ಟರು. ಊರಿನ ಒಳಚರಂಡಿಗೂ ಯೋಜನೆ ಹಾಕಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಪ್ರವಾಹ ತಡೆಯಿತು. ಊರಿಗೆ ಕುಡಿಯುವ ನೀರೂ ಬಂತು. ಅದೂ ಅದೇ ಜನರ ಕಂದಾಯದ ದುಡ್ಡೇ. ಒಮ್ಮೆಯಾದರೂ ಸರಿಯಾದ ಜಾಗಕ್ಕೆ ಬಿದ್ದಿತ್ತು.

ಈ ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರ್ ಮನಬಂದಂತೆ ಕಟ್ಟಡ ಕಟ್ಟುವಂತಿಲ್ಲ ಎಂದು 1996ರಲ್ಲಿ ಆಂಧ್ರ ಸರ್ಕಾರ 111ನೇ ನಂಬರಿನ ಆದೇಶ ಹೊರಡಿಸಿತ್ತು. 84 ಹಳ್ಳಿಗಳಿಗೆ ಅದು ಬೇಲಿ. 2022ರಲ್ಲಿ ತೆಲಂಗಾಣ ಸರ್ಕಾರ ಬೇಲಿಯನ್ನು ಸಡಿಲಿಸಿತು. ಮರುವರ್ಷ ಪೂರ್ತಿ ಕಿತ್ತುಹಾಕುವ ತೀರ್ಮಾನವನ್ನೂ ಮಾಡಿತು. ಕಾರಣ ಅಭಿವೃದ್ಧಿ. ಅಂದರೆ ಸೈಟು.

ಇನ್ನೊಂದು ಕಟ್ಟಡ ಉಸ್ಮಾನಿಯಾ ಆಸ್ಪತ್ರೆ. ಮೂಸಿಯ ದಂಡೆಯ ಮೇಲೆ ವಿನ್ಸೆಂಟ್ ಎಶ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು. 1925ರ ಹೊತ್ತಿಗೆ ಮುಗಿಯಿತು. ಗುಮ್ಮಟಗಳ ಸಾಲು ನೋಡಿದರೆ ಇದೂ ಅರಮನೆಯೇ. ಆದರೆ ಮಲಗುತ್ತಿದ್ದವರು ರೋಗಿಗಳು. ತೆಲಂಗಾಣದವರಷ್ಟೇ ಅಲ್ಲ, ನಮ್ಮ ಬೀದರ್, ಯಾದಗಿರಿ ಕಡೆಯ ಬಡವರೂ ದೊಡ್ಡ ಕಾಯಿಲೆ ಎಂದರೆ ಹತ್ತುತ್ತಿದ್ದ ಬಸ್ಸು ಹೈದರಾಬಾದಿನದೇ. 2020ರ ಜುಲೈಯಲ್ಲಿ, ಕೊರೊನಾ ಕಾಲದಲ್ಲಿ, ಮಳೆನೀರು ಈ ಆಸ್ಪತ್ರೆಯ ವಾರ್ಡಿಗೆ ನುಗ್ಗಿತು. ಮಂಚದ ಕಾಲುಗಳ ನಡುವೆ ಚರಂಡಿ ನೀರು. ರೋಗಿಗಳನ್ನು ಎತ್ತಿ ಬೇರೆ ಕಡೆ ಸಾಗಿಸಿ ಹಳೇ ಕಟ್ಟಡವನ್ನು ಖಾಲಿ ಮಾಡಿಸಿದರು. ಒಡೆಯಬೇಕೋ ಉಳಿಸಬೇಕೋ ಎಂಬ ಜಗಳ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. ಕೊನೆಗೆ 2025ರ ಜನವರಿಯಲ್ಲಿ ಗೋಶಾಮಹಲ್‌ನಲ್ಲಿ ಹೊಸ ಆಸ್ಪತ್ರೆಗೆ ಅಡಿಗಲ್ಲು.

ಲೆಕ್ಕ ಹಾಕಿ ನೋಡಿ. ಒಂದೇ ವಂಶ. ಹೆಚ್ಚುಕಡಿಮೆ ಒಂದೇ ಕಾಲ. ಶ್ರೀಮಂತರು ಮಲಗುವ ಕಟ್ಟಡಕ್ಕೆ ಹತ್ತು ವರ್ಷದ ನಾಜೂಕು ದುರಸ್ತಿ. ಬಡವರು ಮಲಗುವ ಕಟ್ಟಡ ಶಿಥಿಲ. ಶ್ರೀಮಂತರ ಗೇಟಿಗೆ ಕಾವಲು. ಊರಿಗೆ ನೀರು ಕೊಡುವ ಕೆರೆಯ ಬೇಲಿಗೆ ಕತ್ತರಿ. ನಿಜಾಮ ಮಾಡಿದ್ದರಲ್ಲಿ ಉಪಯೋಗಕ್ಕೆ ಬರುವುದನ್ನು ಕೈಬಿಟ್ಟೆವು. ಸೋಗನ್ನು ಉಳಿಸಿಕೊಂಡೆವು.

ಅರಮನೆ ಎಂದರೆ ಸಾಕು ಉಳಿಯುತ್ತದೆ ಎಂದೂ ತಿಳಿಯಬೇಡಿ. ವಿಧಾನಸಭೆಗೆ ಕೂಗಳತೆಯಲ್ಲಿ ಹಿಲ್ ಫೋರ್ಟ್ ಅರಮನೆ ಇದೆ. 1915ರಲ್ಲಿ ಸರ್ ನಿಜಾಮತ್ ಜಂಗ್ ಕಟ್ಟಿಸಿದ್ದು. 1929ರಲ್ಲಿ ನಿಜಾಮ ಅದನ್ನು ಕೊಂಡು ಮಗ ಮೊಅಜ್ಜಂ ಜಾಹ್‌ಗೆ ಕೊಟ್ಟ. 1955ರಿಂದ ಅದು ರಿಟ್ಜ್ ಹೋಟೆಲು. ಒಂದು ಕಾಲಕ್ಕೆ ಊರಿನ ದೊಡ್ಡ ಮನುಷ್ಯರ ಸಂಜೆಗಳೆಲ್ಲ ಅಲ್ಲೇ. ಹೋಟೆಲು ಮುಚ್ಚಿತು. ಕಟ್ಟಡ ಸರ್ಕಾರದ ಕೈಯಲ್ಲಿ ಉಳಿಯಿತು. ಗೋಡೆಯಲ್ಲಿ ಗಿಡ ಬೆಳೆಯಿತು. ಸರ್ಕಾರಕ್ಕೆ ಪರಂಪರೆಯ ಮೇಲೆ ಎಷ್ಟು ಪ್ರೀತಿ ಎಂದು ತಿಳಿಯಬೇಕಾದರೆ ಅದರ ಸ್ವಂತ ಆಸ್ತಿಯನ್ನು ನೋಡಬೇಕು.

ತೆರಿಗೆಯ ಮಾತೂ ಒಂದು ಇರಲಿ. 2019ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಗೋವಾದಲ್ಲಿ ಸಭೆ ಸೇರಿತು. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಗಳ ತೆರಿಗೆಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಿತು. ಪ್ರವಾಸೋದ್ಯಮಕ್ಕೆ ಉತ್ತೇಜನ ಬೇಕಿತ್ತಂತೆ. ಅಲ್ಲಿಯವರೆಗೆ ಸಾವಿರ ರೂಪಾಯಿಗಿಂತ ಅಗ್ಗದ ಲಾಡ್ಜ್ ಕೋಣೆಗೆ ತೆರಿಗೆ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೆ ಶೇ 12 ಬಿತ್ತು. ಅದೇ ದಿನ ಮೊಸರಿನ ಪ್ಯಾಕೆಟ್ಟಿಗೂ ಶೇ 5 ಬಿತ್ತು. ಗುಡ್ಡದ ಮೇಲಿನ ಕೋಣೆಗೆ ರಿಯಾಯಿತಿ. ಬಸ್ ನಿಲ್ದಾಣದ ಎದುರಿನ ಕೋಣೆಗೆ ಬರೆ. 2025ರ ಸೆಪ್ಟೆಂಬರ್‌ನಲ್ಲಿ ಅಗ್ಗದ ಕೋಣೆಯ ತೆರಿಗೆಯನ್ನು ಶೇ 5ಕ್ಕೆ ಇಳಿಸಿ ಹಬ್ಬದ ಉಡುಗೊರೆ ಎಂದರು. ಹಾಕಿದವರೇ ಇಳಿಸಿದರೆ ಅದು ಉಡುಗೊರೆ.

ಕರ್ನಾಟಕದ ಓದುಗರಿಗೆ ಹೈದರಾಬಾದಿನ ಪಂಚತಾರಾ ಹೋಟೆಲುಗಳು ತೀರಾ ಅಪರಿಚಿತವೇನಲ್ಲ. ನಾವು ಹೋಗಿಲ್ಲದಿರಬಹುದು. ನಮ್ಮ ಪ್ರತಿನಿಧಿಗಳು ಹೋಗಿದ್ದಾರೆ. 2018ರ ಮೇ ತಿಂಗಳಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಶಾಸಕರನ್ನು ರಾತ್ರೋರಾತ್ರಿ ಬಸ್ಸಿನಲ್ಲಿ ತುಂಬಿ ಹೈದರಾಬಾದಿಗೆ ಒಯ್ದರು. ಕಾಂಗ್ರೆಸ್ಸಿನವರು ಬಂಜಾರಾ ಹಿಲ್ಸ್‌ನ ತಾಜ್ ಕೃಷ್ಣಕ್ಕೆ. ಜೆಡಿಎಸ್‌ನವರು ನೊವೊಟೆಲ್‌ಗೆ. ಎದುರಾಳಿ ಪಕ್ಷ ಕದ್ದೊಯ್ಯಬಾರದಲ್ಲ. ಚುನಾವಣೆಯಲ್ಲಿ ನಿಮ್ಮ ಸೇವಕ ಎಂದು ಕೈಮುಗಿದವರು ಬ್ಯಾಂಕ್ ಲಾಕರಿನ ಒಡವೆಯಾದರು. ಒಂದೇ ದಿನದಲ್ಲಿ ಸುಪ್ರೀಂ ಕೋರ್ಟ್ ಬಹುಮತ ಸಾಬೀತಿಗೆ ಗಡುವು ಕೊಟ್ಟಿತು. ಮತ್ತೆ ರಾತ್ರಿ ಬಸ್ಸು. ಮೇ 19ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಪ್ರಜಾಪ್ರಭುತ್ವ ಉಳಿಯಿತು ಎಂದು ಸಿಹಿ ಹಂಚಿದರು. ಮರುವರ್ಷ ಅದೇ ಗುಂಪಿನ ಕೆಲವರು ಮುಂಬೈ ಹೋಟೆಲಿಗೆ ಹೋದರು. ಕಾಂಗ್ರೆಸ್-ಜೆಡಿಎಸ್ ಸರ್ಕಾರ ಬಿತ್ತು. ಆಗಲೂ ಪ್ರಜಾಪ್ರಭುತ್ವ ಉಳಿಯಿತು. ಈ ಸಲ ಬೇರೆಯವರು ಸಿಹಿ ಹಂಚಿದರು.

ಇದನ್ನು ಹೈದರಾಬಾದಿಗೆ ನಾವೇನೂ ಕಲಿಸಬೇಕಿರಲಿಲ್ಲ. 1995ರ ಆಗಸ್ಟ್‌ನಲ್ಲಿ ಚಂದ್ರಬಾಬು ನಾಯ್ಡು ಶಾಸಕರನ್ನು ಹುಸೇನ್ ಸಾಗರದ ದಂಡೆಯ ವೈಸ್‌ರಾಯ್ ಹೋಟೆಲಿನಲ್ಲಿ ಕೂಡಿಟ್ಟುಕೊಂಡು ಮಾವ, ಆಂಧ್ರದ ಮುಖ್ಯಮಂತ್ರಿ ಎನ್‌ಟಿಆರ್ ಅವರ ಕುರ್ಚಿ ಎಳೆದಿದ್ದರು. ಎನ್‌ಟಿಆರ್ ಹೋಟೆಲಿನ ಎದುರು ಬಂದು ನಿಂತರೆ ಚಪ್ಪಲಿ ಹಾರಿ ಬಂದವು. ಹಿಂದಿನ ವರ್ಷವಷ್ಟೇ ಜನ ಆ ಮನುಷ್ಯನನ್ನು ಭಾರಿ ಬಹುಮತದಿಂದ ಗೆಲ್ಲಿಸಿದ್ದರು. ಜನರ ತೀರ್ಪು ಮತಪೆಟ್ಟಿಗೆಯಲ್ಲಿ. ಮೇಲ್ಮನವಿ ಹೋಟೆಲಿನಲ್ಲಿ.

ಈಗ ಸೆಪ್ಟೆಂಬರ್ 17ರ ವಿಷಯಕ್ಕೆ ಬರೋಣ.

ನಿಜಾಮ ಶರಣಾದ ಈ ದಿನಕ್ಕೆ ಕೇಂದ್ರದವರು ಹೈದರಾಬಾದ್ ವಿಮೋಚನಾ ದಿನ ಎನ್ನುತ್ತಾರೆ. ತೆಲಂಗಾಣದಲ್ಲಿ ಒಂದು ಸರ್ಕಾರ ಏಕತಾ ದಿನ ಎಂದಿತು. ಮುಂದಿನ ಸರ್ಕಾರ ಪ್ರಜಾ ಪಾಲನಾ ದಿನ ಎಂದಿತು. ನಮ್ಮಲ್ಲಿ 2019ರಿಂದ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ದಿನವೂ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ಬೋರ್ಡು ಬರೆಯುವವರಿಗೆ ಕೆಲಸ ಸಿಕ್ಕಿತು. ಅಷ್ಟರಮಟ್ಟಿಗೆ ಕಲ್ಯಾಣ.

ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತ್ತು. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ನಿಜಾಮ ಹೋಗಿ ಆಗ 54 ವರ್ಷವಾಗಿತ್ತು. ಹತ್ತು ವರ್ಷ ಕಳೆದ ಮೇಲೆ ಸಂಸತ್ತು ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಯನ್ನು ಸಂವಿಧಾನಕ್ಕೆ ಸೇರಿಸಿತು. ಮಂಡಳಿ ಬಂತು, ಅನುದಾನ ಬಂತು, ಅಧ್ಯಕ್ಷರಿಗೆ ಕಾರು ಬಂತು. ಬಿತ್ತನೆ ಕೈಕೊಟ್ಟ ವರ್ಷ ಯಾದಗಿರಿ, ಸೇಡಂ ಕಡೆಯವರು ಇವತ್ತಿಗೂ ಗಂಟುಮೂಟೆ ಕಟ್ಟಿ ಗುಳೆ ಹೋಗುತ್ತಾರೆ. ಹೋಗುವ ಊರುಗಳಲ್ಲಿ ಹೈದರಾಬಾದೂ ಒಂದು. ಅಲ್ಲಿ ಕಲ್ಲು, ಇಟ್ಟಿಗೆ ಹೊರುತ್ತಾರೆ. ಅಜ್ಜ ಕಂದಾಯ ಕಳಿಸಿದ ಊರಿಗೆ ಮೊಮ್ಮಗ ಮೈಯನ್ನೇ ಕಳಿಸುತ್ತಾನೆ.

ಎಲ್ಲಕ್ಕೂ ನಿಜಾಮನೇ ಕಾರಣ ಎಂದು ವೇದಿಕೆಯ ಮೇಲೆ ಹೇಳುತ್ತಾರೆ. ಸತ್ತವನ ಮೇಲೆ ಹೊರೆ ಹಾಕುವುದು ಸುಲಭ. ಅವನಿಗೆ ಮತವಿಲ್ಲ.

ಕಲಬುರಗಿಯಲ್ಲಿ ಐವಾನ್-ಎ-ಶಾಹಿ ಎಂಬ ಸರ್ಕಾರಿ ಅತಿಥಿಗೃಹವಿದೆ. ಕಲ್ಲಿನ ಚೆಂದದ ಕಟ್ಟಡ. ನಿಜಾಮ ಊರಿಗೆ ಬಂದರೆ ತಂಗುತ್ತಿದ್ದದ್ದು ಅಲ್ಲಿ. ನಮ್ಮ ಸಚಿವರು ಊರಿಗೆ ಬಂದರೆ ತಂಗುವುದೂ ಅಲ್ಲೇ. ಮನವಿಪತ್ರ ಹಿಡಿದ ಜನ ಆಗಲೂ ಗೇಟಿನ ಹೊರಗೆ ನಿಲ್ಲುತ್ತಿದ್ದರು. ಈಗಲೂ ನಿಲ್ಲುತ್ತಾರೆ.

ಮುಂದಿನ ಸೆಪ್ಟೆಂಬರ್ 17ಕ್ಕೂ ಯಾರಾದರೂ ಮಂತ್ರಿ ಬರುತ್ತಾರೆ. ಧ್ವಜ ಏರಿಸುತ್ತಾರೆ. ನಿಜಾಮಶಾಹಿಯ ಕ್ರೌರ್ಯ, ಹುತಾತ್ಮರ ತ್ಯಾಗ ಎಲ್ಲ ಹೇಳಿ ಗಂಟಲು ಕಟ್ಟಿಸಿಕೊಳ್ಳುತ್ತಾರೆ. ನೀವು ಆ ಕಡೆಯವರಾಗಿದ್ದರೆ, ಮೈದಾನದಲ್ಲಿ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕರೆ, ಭಾಷಣ ಮುಗಿದ ಮೇಲೆ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿ: ಸಾಹೇಬ್ರೇ, ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ?